ಬಾಟಲಿ ಮುಚ್ಚಳವೂ ನನ್ನ ಮರ್ಯಾದೆಯೂ

ಹೋದ ಶನಿವಾರ ನ್ಯೂಜೆರ್ಸಿಯ ಬ್ರಿಡ್ಜ್‌ವಾಟರ್‌ನಲ್ಲಿರುವ ನನ್ನ ತಂಗಿಯ ಮೊಮ್ಮಗನ ಮನೆಗೆ ಊಟಕ್ಕೆ ಹೋಗಿದ್ದೆ. ಹುಡುಗ ಮನೆಯಲ್ಲೇ ಬಿಯರ್ ಮಾಡುತ್ತಾನೆ. ಮಾಡಲಿ, ನನ್ನ ಗಂಟೇನು ಹೋಗಬೇಕು? ಅವನ ಹತ್ತಿರ ಫಳಫಳ ಹೊಳೆಯುವ ಸ್ಟೀಲ್ ಪಾತ್ರೆಗಳಿವೆ, ಥರ್ಮಾಮೀಟರುಗಳಿವೆ, ಒಂದು ದೊಡ್ಡ ಚೀಲದ ತುಂಬ ಬಂಗಾರದ ಬಣ್ಣದ ಹೊಸ ಮುಚ್ಚಳಗಳಿವೆ. ಊಟಕ್ಕೆ ಮುಂಚೆ ಒಂದು ಬಾಟಲಿ ತಂದ, ಓಪನರ್ ಇಟ್ಟು ಒಂದೇ ಏಟಿಗೆ ಎತ್ತಿದ. ಮುಚ್ಚಳ ನಡುವೆ ಮಡಿಚಿಕೊಂಡು ಟಪ್ಪೆಂದು ನೆಲಕ್ಕೆ ಬಿತ್ತು. ಸೊಂಟ ಬೇಡ ಬೇಡ ಎಂದರೂ ನಾನು ಬಗ್ಗಿ ಎತ್ತಿಕೊಂಡೆ. ತಿರುಗಿಸಿ ನೋಡಿದೆ. ಒಳಗಿನ ಪದರದ ಮೇಲೆ ಒಂದು ಗೆರೆಯೂ ಇರಲಿಲ್ಲ. ಅಷ್ಟು ಒಳ್ಳೆಯ ಮುಚ್ಚಳವನ್ನು ಆ ಮಹಾನುಭಾವ ಒಂದೇ ಏಟಿಗೆ ಕೊಂದಿದ್ದ.

“ಅಜ್ಜಿ, ದಟ್ಸ್ ಟ್ರ್ಯಾಶ್. ಜಸ್ಟ್ ಟಾಸ್ ಇಟ್,” ಎಂದ. ಆಮೇಲೆ ಏನೋ ನೆನಪಾದವನಂತೆ ಹಲ್ಲು ಬಿಟ್ಟು, “ಓ, ರೈಟ್! ಯು ಆರ್ ಕ್ಯಾಪ್ ಆಂಟಿ!” ಎಂದ.

ನೋಡಿದಿರಾ? ಐವತ್ತು ವರ್ಷವಾಗುತ್ತಾ ಬಂತು. ಆ ಹೆಸರು ಇಟ್ಟಾಗ ಈ ಹುಡುಗನ ಅಮ್ಮ ಇನ್ನೂ ಲಂಗ ಹಾಕುವ ಹುಡುಗಿ. ಅವಳು ಇವನಿಗೆ ಕನ್ನಡದಲ್ಲಿ ಒಂದು ಮಗ್ಗಿ ಕಲಿಸಲಿಲ್ಲ, ಒಂದು ಶ್ಲೋಕ ಕಲಿಸಲಿಲ್ಲ, ಇದನ್ನು ಮಾತ್ರ ಜೋಪಾನವಾಗಿ ಕಲಿಸಿದ್ದಾಳೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ನಮ್ಮವರು ಸುಮ್ಮನೆ ಹೇಳಲಿಲ್ಲ. ನನ್ನದು ಅಡಿಕೆಗಿಂತ ಹಗುರವಾದ ವಸ್ತುವಿಗೆ ಹೋಯಿತು. ಅದಕ್ಕೇ ಇವತ್ತು ಕೂತು ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ. ಯಾರಿಗೆ ಸಿಟ್ಟು ಬಂದರೂ ಚಿಂತೆಯಿಲ್ಲ. ನನ್ನಷ್ಟು ಸಿಟ್ಟಂತೂ ಬರಲಾರದು.

ನನ್ನ ಹೆಸರು ಶಾಂತಾ. ನಗಬೇಡಿ. ತೊಟ್ಟಿಲಲ್ಲಿದ್ದಾಗ ಇಟ್ಟ ಹೆಸರು, ಇಟ್ಟವರಿಗೆ ಮುಂದಿನ ಕಥೆ ಹೇಗೆ ಗೊತ್ತಾಗಬೇಕು? ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ನಾನು ಹುಟ್ಟಿದಾಗಿನಿಂದ ಒಂದು ಹನಿ ಬಿಯರ್ ಕುಡಿದವಳಲ್ಲ. ಕುಡಿದು ಹೆಸರು ಕೆಡಿಸಿಕೊಂಡಿದ್ದರೆ ಅದು ಬೇರೆ ಮಾತು, ರುಚಿಯಾದರೂ ಸಿಗುತ್ತಿತ್ತು. ನನಗೆ ಸಿಕ್ಕಿದ್ದು ತೊಳೆಯುವ ಕೆಲಸ ಮತ್ತು ಅಡ್ಡಹೆಸರು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾವು ಈಸ್ಟ್ ಬ್ರನ್ಸ್‌ವಿಕ್‌ನಲ್ಲಿ ಒಂದು ಬಾಡಿಗೆ ಮನೆಯಲ್ಲಿದ್ದೆವು. ಕೆಳಗೆ ಬೇಸ್‌ಮೆಂಟು, ಪಕ್ಕದಲ್ಲಿ ಗರಾಜು. ನಮ್ಮವರು ಬಣ್ಣ ತಯಾರಿಸುವ ಕಂಪನಿಯೊಂದರಲ್ಲಿ ಕೆಮಿಕಲ್ ಇಂಜಿನಿಯರ್. ಅವರ ಪ್ರಾಣಸ್ನೇಹಿತ ದೇಸಾಯಿ, ಧಾರವಾಡದವರು, ಹತ್ತಿರದ ಕಾಲೇಜಿನಲ್ಲಿ ಮೇಷ್ಟರು. ಆ ದೇಸಾಯರಿಗೆ ಅವರ ಬೀದಿಯ ಒಬ್ಬ ಮುದುಕ ಮನೆಯಲ್ಲಿ ಬಿಯರ್ ಮಾಡುವುದನ್ನು ಕಲಿಸಿಬಿಟ್ಟ. ಕಲಿತವರು ಸುಮ್ಮನಿರಲಾದೀತೇ? ಅವರ ಮನೆಯಲ್ಲಿ ಬೇಸ್‌ಮೆಂಟ್ ಇರಲಿಲ್ಲ, ನಮ್ಮಲ್ಲಿ ಇತ್ತು. ಒಂದು ಭಾನುವಾರ ಬೆಳಿಗ್ಗೆ ಇಬ್ಬರೂ ಸೇರಿ ಹೊಸ ಪ್ಲಾಸ್ಟಿಕ್ ಕಸದ ಡಬ್ಬಿ, ಮಾಲ್ಟ್ ಪಾಕದ ಡಬ್ಬ, ಯೀಸ್ಟು, ಸಕ್ಕರೆ ಎಲ್ಲವನ್ನೂ ಇಳಿಸಿದರು. ಗರಾಜ್ ಸೇಲ್‌ನಲ್ಲಿ ಸಿಕ್ಕಿದ, ಮುಚ್ಚಳ ಒತ್ತುವ ಒಂದು ಕಬ್ಬಿಣದ ಯಂತ್ರವನ್ನೂ ಹೊತ್ತು ತಂದರು. ನನ್ನ ದೊಡ್ಡ ಅನ್ನದ ಪಾತ್ರೆಯಲ್ಲಿ ಆ ಪಾಕ ಕುದಿಸಿದರು. ಮನೆಯೆಲ್ಲಾ ದನದ ಕೊಟ್ಟಿಗೆಯ ಹಿಂಡಿಯ ವಾಸನೆ. ಆ ಪಾತ್ರೆಯಲ್ಲಿ ನಾನು ಮತ್ತೆ ಅನ್ನ ಮಾಡಲಿಲ್ಲ.

ಬಿಯರ್ ಮಾಡುವುದು ಅಂಥ ಬ್ರಹ್ಮವಿದ್ಯೆಯೇನಲ್ಲ. ಪಾಕ ಹುಳಿ ಬಂದು ನೊರೆ ಇಳಿದ ಮೇಲೆ ಬಾಟಲಿಗೆ ತುಂಬುವಾಗ ಒಂದು ಚಿಟಿಕೆ ಸಕ್ಕರೆ ಹಾಕಿ ಮುಚ್ಚಳ ಬಿಗಿಯಬೇಕು. ಒಳಗೆ ಉಳಿದ ಯೀಸ್ಟ್ ಆ ಸಕ್ಕರೆ ತಿಂದು ಗಾಳಿ ಬಿಡುತ್ತದೆ. ಮುಚ್ಚಳ ಬಿಗಿಯಾಗಿದ್ದರೆ ಆ ಗಾಳಿ ಬಿಯರಿನಲ್ಲೇ ಉಳಿದು ನೊರೆ ಬರುತ್ತದೆ. ಇಲ್ಲದಿದ್ದರೆ ಸಪ್ಪೆ ನೀರು. ಹಾಗಾಗಿ ಎಲ್ಲ ಇರುವುದು ಮುಚ್ಚಳದಲ್ಲಿ.

ಸರಿ, ಹೊಸ ಮುಚ್ಚಳ ಕೊಂಡು ತನ್ನಿ ಎಂದೆ. ಹೌದು, ಮೊದಲು ಹಾಗೆಂದವಳು ನಾನೇ. ಇದನ್ನು ದಯವಿಟ್ಟು ಎರಡು ಸಲ ಓದಿ.

ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಹೊಸ ಮುಚ್ಚಳಗಳನ್ನು ಚೀಲಗಟ್ಟಲೆ ತೂಗುಹಾಕಿರುತ್ತಿದ್ದರು, ಕಣ್ಣಾರೆ ಕಂಡಿದ್ದೆ. ಆದರೆ ನಮ್ಮವರ ಗ್ರೀನ್ ಕಾರ್ಡ್ ಇನ್ನೂ ಬಂದಿರಲಿಲ್ಲ. ಮನೆಯಲ್ಲಿ ಬಿಯರ್ ಮಾಡುವುದಕ್ಕೆ ಆಗ ಕಾನೂನಿನ ಒಪ್ಪಿಗೆ ಇರಲಿಲ್ಲವಂತೆ. ಊರ ತುಂಬ ಜನ ಮಾಡುತ್ತಿದ್ದರು, ಯಾವ ಪೊಲೀಸನೂ ಕೇಳುತ್ತಿರಲಿಲ್ಲ. ಆದರೂ ನಮ್ಮವರಿಗೆ ಜೀವಭಯ.

“ನೋಡು ಶಾಂತಾ, ಮಾಲ್ಟ್ ಕೊಂಡ್ರೆ ಬ್ರೆಡ್ ಮಾಡ್ತೀವಿ ಅನ್ನಬಹುದು. ಯೀಸ್ಟೂ ಹಾಗೇನೆ. ಆದ್ರೆ ಮುಚ್ಚಳ ಕೊಂಡ್ರೆ ಏನನ್ನೋದು? ಬ್ರೆಡ್ಡಿಗೆ ಯಾರಾದ್ರೂ ಮುಚ್ಚಳ ಹೊಡೀತಾರಾ? ಕೌಂಟರ್‌ನಲ್ಲಿರೋನಿಗೆ ಡೌಟ್ ಬಂದೇ ಬರುತ್ತೆ. ಅವನು ಯಾರಿಗಾದ್ರೂ ಹೇಳಿದ್ರೆ ನಮ್ಮ ಇಮಿಗ್ರೇಷನ್ ಪೇಪರ್ಸ್ ಗತಿ ಏನು?”

ಹಾರ್ಡ್‌ವೇರ್ ಅಂಗಡಿಯ ಆ ಬಡಪಾಯಿ ವಾಷಿಂಗ್ಟನ್ನಿಗೆ ಫೋನು ಮಾಡಿ, ಇಂಥಾ ಮೈಸೂರಿನವನು ಮುಚ್ಚಳ ಕೊಂಡಿದ್ದಾನೆ, ಕೂಡಲೇ ಹಿಂದಕ್ಕೆ ಕಳಿಸಿ ಎನ್ನುತ್ತಾನಂತೆ! ಡಾಕ್ಟರೇಟ್ ಮಾಡಿದ ತಲೆ. ಆ ತಲೆಯೇ ತೀರ್ಮಾನ ಮಾಡಿತು, ಅಂಗಡಿಯಿಂದ ತಂದ ಸೋಡಾ, ಬಿಯರ್ ಬಾಟಲಿಗಳ ಹಳೆಯ ಮುಚ್ಚಳವನ್ನೇ ಮತ್ತೆ ಹಾಕೋಣ ಎಂದು.

ಹಳೆಯ ಮುಚ್ಚಳ ಮತ್ತೆ ಕೂರಬೇಕಾದರೆ ಅದನ್ನು ಬಾಗಿಸದೆ ತೆಗೆಯಬೇಕು. ಗಂಡಸರ ಕೈಗೆ ಅದು ಒಗ್ಗಲಿಲ್ಲ. ಇಬ್ಬರೂ ಸೇರಿ ಮೊದಲ ದಿನ ಒಂದು ರಾಶಿ ಮುಚ್ಚಳ ಹಾಳು ಮಾಡಿದರು. ನೋಡಲಾರದೆ ಕಿತ್ತುಕೊಂಡೆ. ಮುಚ್ಚಳದ ನೆತ್ತಿಯ ಮೇಲೆ ಒಂದು ನಾಣ್ಯ ಇಟ್ಟು, ಓಪನರಿನ ಭಾರ ಅದರ ಮೇಲೆ ಬೀಳುವಂತೆ ಊರಿ, ಒಂದು ಕಡೆ ಸ್ವಲ್ಪ ಎತ್ತಬೇಕು, ಬಾಟಲಿ ತಿರುಗಿಸಿ ಇನ್ನೊಂದು ಕಡೆ ಸ್ವಲ್ಪ ಎತ್ತಬೇಕು. ಹಾಲು ಕುಡಿದು ಮಲಗಿದ ಕೂಸಿನ ಬಾಯಿಂದ ಒಳಲೆ ತೆಗೆಯುವಷ್ಟು ನಿಧಾನ ಬೇಕು. ಆಮೇಲೆ ಒಳಗಿನ ಪದರ ನೋಡಬೇಕು. ಬಾಟಲಿಯ ಬಾಯಿ ಕಚ್ಚಿದ ಗುರುತು ಆಳವಾಗಿದ್ದರೆ ಬೇಡ, ಅಂಚಿನ ಹಲ್ಲು ಅಗಲವಾಗಿದ್ದರೆ ಬೇಡ, ತುಕ್ಕಿನ ಚುಕ್ಕೆ ಕಂಡರೆ ಬೇಡವೇ ಬೇಡ. ಬೇಕಾದ್ದನ್ನು ಕುದಿನೀರಲ್ಲಿ ಹಾಕಿ ತೆಗೆದು ಬಟ್ಟೆಯ ಮೇಲೆ ಹರಡಬೇಕು. ನಾನು ಆರಿಸಿಕೊಟ್ಟ ಒಂದು ಮುಚ್ಚಳವೂ ಸೋರಲಿಲ್ಲ. ಇದನ್ನೂ ಎರಡು ಸಲ ಓದಿ.

ನನಗೆ ಆ ಕೈ ಎಲ್ಲಿಂದ ಬಂತು ಎನ್ನುತ್ತೀರಾ? ಮೈಸೂರಿನ ನಮ್ಮ ಮನೆಯಲ್ಲಿ ಪಾತ್ರೆ ಸಾಯುತ್ತಿತ್ತು, ಮುಚ್ಚಳ ಸಾಯುತ್ತಿರಲಿಲ್ಲ. ಒಡೆದ ಉಪ್ಪಿನಕಾಯಿ ಜಾಡಿಯ ಮುಚ್ಚಳ ತುಪ್ಪದ ಬಟ್ಟಲ ಮೇಲೆ ಕೂರುತ್ತಿತ್ತು. ತೂತು ಬಿದ್ದ ಹಿತ್ತಾಳೆ ಡಬ್ಬಿಯ ಮುಚ್ಚಳದಲ್ಲಿ ನನ್ನ ಅಜ್ಜಿ ಕುಂಕುಮ ಕಲಸುತ್ತಿದ್ದಳು. ಹರಳೆಣ್ಣೆ ಶೀಸೆಗೆ ಹಳೆಯ ಪಂಚಾಂಗದ ಹಾಳೆ ಸುತ್ತಿದ ಬಿರಡೆ. ಸ್ನಾನದ ದಿನ ಅಜ್ಜಿ ಆ ಬಿರಡೆ ಕೀಳುವಾಗ ಎಣ್ಣೆ ಕುಡಿದ ಯಾವುದೋ ಹಳೆಯ ವರ್ಷದ ಏಕಾದಶಿ, ಸಂಕಷ್ಟಿಗಳೆಲ್ಲಾ ಅರ್ಧಂಬರ್ಧ ಕಾಣುತ್ತಿದ್ದವು. ಸೋಡಾ ಬಾಟಲಿಯ ಮುಚ್ಚಳ ಸಿಕ್ಕರಂತೂ ನಮಗೆ ಹಬ್ಬ. ಕಲ್ಲಿನಿಂದ ಕುಟ್ಟಿ ಚಪ್ಪಟೆ ಮಾಡಿ, ಮೊಳೆಯಲ್ಲಿ ಎರಡು ತೂತು ಹೊಡೆದು, ದಾರ ಪೋಣಿಸಿ ಎಳೆದರೆ ಗುಂಯ್ ಎಂದು ತಿರುಗುತ್ತಿತ್ತು. ನನ್ನ ಅಣ್ಣ ಒಂದು ಸಲ ಅದನ್ನು ನನ್ನ ಜಡೆಗೆ ಸಿಕ್ಕಿಸಿ ಬಿಡಿಸಲಾರದೆ ಕತ್ತರಿ ತಂದ. ಆ ಸಿಟ್ಟೂ ನನಗೆ ಇನ್ನೂ ಇದೆ. ಅದನ್ನು ಇನ್ನೊಂದು ದಿನ ಇಟ್ಟುಕೊಳ್ಳೋಣ ಎಂದರೆ ಅಣ್ಣನೇ ಈಗ ಇಲ್ಲ.

ಇಲ್ಲಿಗೆ ಬಂದ ಮೇಲೂ ನಮ್ಮ ಕಡೆಯ ಹೆಂಗಸರು ಯಾರು ಏನು ಬಿಸಾಡಿದ್ದಾರೆ ಹೇಳಿ? ಐಸ್‌ಕ್ರೀಮ್ ಡಬ್ಬಿ ತೆಗೆದರೆ ಹುಣಸೆ ಗೊಜ್ಜು, ಮೊಸರಿನ ಡಬ್ಬಿ ತೆಗೆದರೆ ಮೆಂತ್ಯದ ಪುಡಿ. ಅಲ್ಯುಮಿನಿಯಮ್ ಹಾಳೆಯನ್ನು ತೊಳೆದು ಕಿಟಕಿಗೆ ಅಂಟಿಸಿ ಒಣಗಿಸಿದವರನ್ನು ನಾನು ಬಲ್ಲೆ. ಹೆಸರು ಹೇಳುವುದಿಲ್ಲ. ಆ ಪುಣ್ಯಾತ್ಗಿತ್ತಿಯರೇ ಮುಂದೆ ನನ್ನನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು.

ಹೀಗೆ ಒಂದು ವರ್ಷ ಎಲ್ಲ ಸರಿಯಾಗಿ ನಡೆಯಿತು. ಬೇಸ್‌ಮೆಂಟಿನಲ್ಲಿ ಬಾಯ್ಲರಿನ ಪಕ್ಕ ಬಾಟಲಿಗಳು ಬೆಚ್ಚಗೆ ಕೂತಿರುತ್ತಿದ್ದವು, ತೆಗೆದರೆ ನೊರೆ ಉಕ್ಕುತ್ತಿತ್ತು. ಇಬ್ಬರು ಪಂಡಿತರೂ ಮೀಸೆ ಒರೆಸಿಕೊಂಡು ತಮ್ಮ ಬೆನ್ನು ತಾವೇ ತಟ್ಟಿಕೊಳ್ಳುತ್ತಿದ್ದರು. ಆಗ ಮುಚ್ಚಳ ಯಾರದು ಎಂದು ಯಾರೂ ಕೇಳಲಿಲ್ಲ.

ಆ ವರ್ಷ ಎಲೆ ಉದುರುವ ಕಾಲಕ್ಕೆ ಮೈಸೂರಿನಿಂದ ನಮ್ಮ ಅತ್ತೆ ಬಂದರು. ಆರು ತಿಂಗಳ ವೀಸಾ. ಅತ್ತೆ ಕಟ್ಟಾ ಮಡಿಯವರು. ಅಂಗಡಿಯ ಬ್ರೆಡ್ಡನ್ನೂ ಮುಟ್ಟುತ್ತಿರಲಿಲ್ಲ. ಬಂದ ಮಾರನೆಯ ದಿನವೇ ಒಗೆದ ಸೀರೆ ಒಣಹಾಕಲು ಬೆಚ್ಚಗಿನ ಜಾಗ ಹುಡುಕಿ ಬೇಸ್‌ಮೆಂಟಿಗೆ ಇಳಿದರು. ಬಾಯ್ಲರಿನ ಪಕ್ಕ ಹಗ್ಗ ಕಟ್ಟಿ ಎಂದರು. ನಮ್ಮವರ ಮುಖ ನೋಡಬೇಕಿತ್ತು. ಅತ್ತೆ ಮೇಲೆ ಪೂಜೆಗೆ ಕೂತಾಗ ದೇಸಾಯರನ್ನು ಕರೆಸಿ, ಕಳ್ಳರ ಹಾಗೆ ಎಲ್ಲ ಸರಂಜಾಮನ್ನೂ ಗರಾಜಿಗೆ ಸಾಗಿಸಿದರು.

ನಾನು ಆಗಲೇ ಹೇಳಿದೆ. “ರೀ, ಅಲ್ಲಿ ಕೊರೆಯೋ ಚಳಿ. ಇಡ್ಲಿ ಹಿಟ್ಟು ಉಬ್ಬದ ಕಡೆ ನಿಮ್ಮ ಬಿಯರ್ ಉಬ್ಬುತ್ತಾ?” ನ್ಯೂಜೆರ್ಸಿಯ ಚಳಿಗಾಲದಲ್ಲಿ ಹಿಟ್ಟು ಹುದುಗಿಸಲು ಓವನ್ನಿನೊಳಗೆ ಪಾತ್ರೆ ಬಚ್ಚಿಟ್ಟು ಅದರಲ್ಲಿ ಸದಾ ಉರಿಯುವ ಪೈಲಟ್ ದೀಪದ ಬಿಸಿಗೆ ಕಾದವಳು ನಾನು, ಅದಕ್ಕೇ ಹೇಳಿದೆ.

ದೇಸಾಯರು ಕೈ ಬೀಸಿದರು. “ಅಯ್ಯ ವೈನಿ, ಹಿಟ್ಟಿನ ಲೆಕ್ಕನ ಬ್ಯಾರೆ, ಬಿಯರ್ ಲೆಕ್ಕನ ಬ್ಯಾರೆ. ನೀವು ಮುಚ್ಚಳದ್ದು ನೋಡ್ಕೋರಿ, ಉಳಿದಿದ್ದು ನಮಗ ಬಿಡ್ರಿ.” ಬಿಟ್ಟೆ.

ಆಮೇಲೆ ಶುರುವಾಯಿತು ಗರಾಜಿನ ವೈಭವ. ಶನಿವಾರ ಬಂತೆಂದರೆ ಇಬ್ಬರೂ ಓವರ್‌ಕೋಟು, ಕುಲಾವಿ, ಗ್ಲೌಸು ಹಾಕಿಕೊಂಡು ಗರಾಜಿಗೆ ಹೋಗುವುದು, ಕಾರಿನ ಬಾನೆಟ್ ಎತ್ತಿ ನಿಲ್ಲಿಸುವುದು, ಅದರ ಮರೆಯಲ್ಲಿ ನಿಂತು ಕುಡಿಯುವುದು. ಅತ್ತೆ ಅಡುಗೆಮನೆಯ ಬಾಗಿಲಿಂದ ಇಣುಕಿ ಮರುಗುತ್ತಿದ್ದರು. “ಪಾಪ, ಎಷ್ಟು ಸಲ ಕೆಡುತ್ತೆ ಕಣೇ ಆ ಕಾರು. ಆ ದೇಸಾಯಿನೂ ಒಳ್ಳೇ ಹುಡುಗ, ಈ ಚಳೀಲಿ ಬಂದು ರಿಪೇರಿ ಮಾಡಿಕೊಡ್ತಾನೆ.” ನಾನು ತುಟಿ ಕಚ್ಚಿಕೊಂಡು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ.

ಸಂಕ್ರಾಂತಿ ಬಂತು. ನಮ್ಮ ಮನೆಯಲ್ಲೇ ಎಲ್ಲರನ್ನೂ ಕರೆದಿದ್ದೆವು. ಎಡಿಸನ್ ಕಡೆಯವರು, ಕ್ವೀನ್ಸ್ ಕಡೆಯವರು, ಲಾಂಗ್ ಐಲೆಂಡಿನ ಜೆರಿಕೋದಿಂದಲೂ ಒಂದು ಸಂಸಾರ ಹಿಮದಲ್ಲಿ ಡ್ರೈವ್ ಮಾಡಿಕೊಂಡು ಬಂದಿತ್ತು. ನಾನು ವಾರವೆಲ್ಲಾ ಕೂತು ಕೊಬ್ಬರಿ, ಬೆಲ್ಲ ಹೆಚ್ಚಿ ಎಳ್ಳು ಬೆರೆಸಿದ್ದೆ. ಅತ್ತೆ ಊರಿನಿಂದ ತಂದ ಅಚ್ಚಿನಲ್ಲಿ ಸಕ್ಕರೆ ಗೊಂಬೆ ಮಾಡಿಕೊಟ್ಟಿದ್ದರು. ಹೆಂಗಸರು ಮಕ್ಕಳೆಲ್ಲಾ ಹಾಲಿನಲ್ಲಿ ಕೂತಿದ್ದೆವು. ಗಂಡಸರೆಲ್ಲಾ ಒಬ್ಬೊಬ್ಬರಾಗಿ ಕಾರು ನೋಡಲು ಗರಾಜಿಗೆ ಹೋಗಿದ್ದರು.

ಸ್ವಲ್ಪ ಹೊತ್ತಿಗೇ ಮೂಗು ಕೆಂಪು ಮಾಡಿಕೊಂಡು ಎಲ್ಲರೂ ವಾಪಸ್ಸು ಬಂದರು. ನಾನು ಹೇಳಿದ್ದೇ ಆಗಿತ್ತು. ಬಾಟಲಿ ತೆಗೆದರೆ ಸದ್ದಿಲ್ಲ, ನೊರೆಯಿಲ್ಲ, ಇಡೀ ಬ್ಯಾಚು ಸಪ್ಪೆ. ಯಾರೋ ತಮಾಷೆಗೆ, “ಏನ್ ಸಾರ್, ದೊಡ್ಡ ಇಂಜಿನಿಯರ್ರು, ಹೀಗಾಯ್ತಲ್ಲ?” ಎಂದರು. ಕುಣಿಯಲಾರದವಳಿಗೆ ನೆಲ ಡೊಂಕಂತೆ. ಇವರಿಗೆ ಡೊಂಕು ನೆಲವಾಗಿ ಸಿಕ್ಕಿದ್ದು ನಾನು.

“ಏನ್ ಮಾಡೋದು ಹೇಳಿ,” ಎಂದರು ನಮ್ಮವರು, ತುಂಬಿದ ಹಾಲಿನಲ್ಲಿ, ಗಟ್ಟಿಯಾಗಿ. “ನಮ್ಮ ಶಾಂತಾಗೆ ಒಂದು ಹೊಸ ಮುಚ್ಚಳ ತಗೊಳ್ಳೋಕೆ ಕೈ ಬರಲ್ಲ. ಹಳೇದನ್ನೇ ತೊಳ್ದು ತೊಳ್ದು ಹಾಕ್ತಾಳೆ. ಹೋಲ್ ಬ್ಯಾಚ್ ಫ್ಲ್ಯಾಟ್!”

ಗೊಳ್ಳೆಂದು ನಕ್ಕರು. ದೇಸಾಯರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, “ಮುಚ್ಚಳದ ವೈನಿಗೆ ಜೈ ಅನ್ರಿ!” ಎಂದರು. ಮಕ್ಕಳಿಗೆ ಅಷ್ಟು ಸಾಕಾಯಿತು. ಕ್ಯಾಪ್ ಆಂಟಿ, ಕ್ಯಾಪ್ ಆಂಟಿ ಎಂದು ಸೋಫಾ ಸುತ್ತ ಕುಣಿದವು. ಎಳ್ಳು ಬೆಲ್ಲ ತಿಂದು ಒಳ್ಳೇ ಮಾತಾಡು ಎನ್ನುತ್ತಾರಲ್ಲ, ಎಳ್ಳೂ ನಾನೇ ಬೀರಿದ್ದೆ, ತಟ್ಟೆಯೂ ನನ್ನ ಕೈಯಲ್ಲೇ ಇತ್ತು. ಆ ತಟ್ಟೆಯನ್ನು ಯಾರ ತಲೆಯ ಮೇಲೂ ಹಾಕದೆ ಮೇಜಿನ ಮೇಲೆ ಇಟ್ಟೆನಲ್ಲ, ಅದಕ್ಕೆ ನನಗೆ ಯಾರಾದರೂ ಶಾಲು ಹೊದಿಸಬೇಕಿತ್ತು.

ನಗದೆ ಇದ್ದವರು ಅತ್ತೆ ಒಬ್ಬರೇ. “ಯಾವ ಮುಚ್ಚಳನೋ ರಾಮು?” ಎಂದು ಕೇಳಿದರು.

“ಬಾಟಲಿ ಮುಚ್ಚಳ ಅಮ್ಮ. ಇವಳು ಸೇಬಿನ ರಸ ಮಾಡಿ ಬಾಟಲಿಗೆ ತುಂಬಿಡ್ತಾಳೆ, ಅದಕ್ಕೆ,” ಎಂದರು ಮಗರಾಯರು, ಕಣ್ಣರೆಪ್ಪೆ ಮಿಟುಕಿಸದೆ. ಅಲ್ಲಿಗೆ ಮಾಡುವವಳೂ ನಾನಾದೆ, ಕೆಡಿಸಿದವಳೂ ನಾನಾದೆ, ಜಿಪುಣಿಯೂ ನಾನಾದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ನಾನು ಸುಮ್ಮನೆ ಬಿಡುವ ಜಾತಿಯಲ್ಲ. ಅದೇ ಸಪ್ಪೆ ಬ್ಯಾಚಿನ, ಇನ್ನೂ ತೆಗೆಯದ ಕೆಲವು ಬಾಟಲಿಗಳನ್ನು ಗರಾಜಿನಿಂದ ಸೀರೆಯ ಸೆರಗಿನಲ್ಲಿ ಮುಚ್ಚಿ ತಂದು, ನಮ್ಮ ಕೋಣೆಯ ಕ್ಲಾಸೆಟ್ಟಿನಲ್ಲಿ ಹೀಟಿಂಗ್ ಗಾಳಿ ಬರುವ ಕಡೆ ಇಟ್ಟು ಉಣ್ಣೆಯ ಶಾಲು ಹೊದಿಸಿದೆ. ಬಾಣಂತಿಗೂ ಅಷ್ಟು ಉಪಚಾರ ಆಗಿರಲಾರದು. ಕೆಲವು ವಾರ ಬಿಟ್ಟು, ಅತ್ತೆ ಮಧ್ಯಾಹ್ನ ಮಲಗಿದ್ದಾಗ, ಇಬ್ಬರು ಪಂಡಿತರನ್ನೂ ಗರಾಜಿಗೆ ಕರೆದು ಅವರ ಕಣ್ಣೆದುರಿಗೇ ನಾಣ್ಯ ಇಟ್ಟು ಮುಚ್ಚಳ ಎತ್ತಿದೆ. ಟಿಸ್ಸೆಂದು ಸದ್ದಾಗಿ ನೊರೆ ಉಕ್ಕಿ ದೇಸಾಯರ ಬೂಟಿನ ಮೇಲೆ ಬಿತ್ತು. ಅದೇ ಬಿಯರು, ಅದೇ ಹಳೆಯ ಮುಚ್ಚಳ.

“ಈಗ ಹೇಳಿ,” ಎಂದೆ.

ದೇಸಾಯರು ತಲೆ ಕೆರೆದುಕೊಂಡರು. “ಖರೇನ ಅದ ರೀ ವೈನಿ. ಮುಚ್ಚಳದ್ದೇನೂ ತಪ್ಪಿಲ್ಲ. ಥಂಡಿಗೆ ಯೀಸ್ಟ್ ಮಲಕೊಂಡಿತ್ತು ನೋಡ್ರಿ.”

“ಇದನ್ನ ಅವತ್ತು ನಕ್ಕವರ ಮುಂದೆ ಹೇಳ್ತೀರಾ?”

“ಅಯ್ಯ, ಮಂದಿ ಎಲ್ಲಾ ಮರತ ಬಿಟ್ಟಾರ, ಬಿಡ್ರಿ ವೈನಿ.”

ಮರೆತಿದ್ದರಂತೆ! ಮುಂದಿನ ತಿಂಗಳು ಜೆರಿಕೋದಲ್ಲಿ ಒಂದು ಹುಟ್ಟುಹಬ್ಬಕ್ಕೆ ಹೋದರೆ, ನಾನು ಕಂಡೇ ಇರದ ಒಂದು ಮಗು ಅದರ ಅಮ್ಮನ ಸೆರಗು ಎಳೆದು, “ಮಾಮ್, ಈಸ್ ದಟ್ ಕ್ಯಾಪ್ ಆಂಟಿ?” ಎಂದಿತು. ನನ್ನ ಕೀರ್ತಿ ಹಡ್ಸನ್ ನದಿ ದಾಟಿತ್ತು.

ಊರವರು ಹಾಳಾಗಲಿ. ನನ್ನ ಹೊಟ್ಟೆಯಲ್ಲಿ ಉರಿಯುತ್ತಿದ್ದದ್ದು ಅತ್ತೆಯ ವಿಷಯ. ವೀಸಾ ಮುಗಿದು ಅವರು ಹೊರಡುವ ದಿನ ಹತ್ತಿರ ಬರುತ್ತಿತ್ತು. ಅತ್ತೆ ಮೈಸೂರಿಗೆ ಹೋದ ಮೇಲೆ ನಮ್ಮ ಇಡೀ ಬಳಗ ಅವರ ಸುತ್ತ ಕೂತು ಅಮೆರಿಕಾದ ಸಮಾಚಾರ ಕೇಳುತ್ತದೆ. ಸೊಸೆ ಹೇಗಿದ್ದಾಳೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಮಗ ಇಷ್ಟು ಸಂಪಾದಿಸಿದರೂ ಸೊಸೆ ಬಾಟಲಿ ಮುಚ್ಚಳ ತೊಳೆದು ಇಟ್ಟುಕೊಳ್ಳುವ ಪಿಟ್ಟಾಸಿ ಎಂಬ ಮಾತು ನನ್ನ ತೌರಿನವರೆಗೆ ಹೋಗಿ ಮುಟ್ಟುತ್ತದೆ. ನನ್ನ ಅಪ್ಪ ಆಗ ಇನ್ನೂ ಬದುಕಿದ್ದರು. ಆ ಮಾತು ಅವರ ಕಿವಿಗೆ ಬೀಳುವುದನ್ನು ನೆನೆಸಿಕೊಂಡರೆ ನನಗೆ ಅನ್ನ ಇಳಿಯುತ್ತಿರಲಿಲ್ಲ.

“ನೋಡಿ,” ಎಂದೆ ನಮ್ಮವರಿಗೆ. “ಬಿಯರ್ ನಿಮ್ಮದು, ಹಳೇ ಮುಚ್ಚಳ ಹಾಕು ಅಂದವರು ನೀವು, ಗರಾಜಿಗೆ ಸಾಗಿಸಿದವರೂ ನೀವೇ. ಅತ್ತೆ ವಿಮಾನ ಹತ್ತೋದ್ರೊಳಗೆ ನೀವೇ ಅವರಿಗೆ ಹೇಳಬೇಕು. ಇಲ್ಲದಿದ್ರೆ ನಾನು ಹೇಳ್ತೀನಿ.”

“ಹೇಳ್ತೀನಿ, ಹೇಳ್ತೀನಿ. ಟೈಮ್ ನೋಡಿ ಹೇಳ್ತೀನಿ,” ಎಂದರು. ಅವರಿಗೆ ಯುಗಾದಿಗೂ ಟೈಮ್ ಸಿಗಲಿಲ್ಲ, ರಾಮನವಮಿಗೂ ಸಿಗಲಿಲ್ಲ. ನಾನು ಮುಚ್ಚಳ ಮುಟ್ಟುವುದನ್ನೇ ಬಿಟ್ಟೆ. ಬಿಯರ್ ಮಾಡುವುದೂ ನಿಂತಿತು.

ಹಿಮ ಕರಗಿದ ಮೇಲೆ ಅತ್ತೆ ದಿನಾ ವಾಕಿಂಗ್ ಹೊರಡುತ್ತಿದ್ದರು. ಒಂಬತ್ತು ಗಜದ ಸೀರೆ, ಅದರ ಮೇಲೆ ಮಗನ ಹಳೆಯ ಸ್ವೆಟರು, ಕಾಲಿಗೆ ಕ್ಯಾನ್ವಾಸ್ ಶೂಸು. ಈ ದೇಶದಲ್ಲಿ ಹಿಮ ಕರಗಿದಾಗ ರಸ್ತೆಯಂಚಿನಲ್ಲಿ ಚಳಿಗಾಲದ ಕಸವೆಲ್ಲಾ ಮೇಲೆ ಬರುತ್ತದೆ. ಅತ್ತೆ ಬಗ್ಗಿ ಬಗ್ಗಿ ನಡೆಯುವುದನ್ನು ಕಿಟಕಿಯಿಂದ ನೋಡಿ, ಪಾಪ, ಬೆನ್ನು ನೋವೇನೋ ಎಂದುಕೊಂಡಿದ್ದೆ.

ಹೊರಡುವ ದಿನ ಬಂದೇ ಬಂತು. ಇವರು ಇನ್ನೂ ಬಾಯಿ ಬಿಟ್ಟಿರಲಿಲ್ಲ. ಪೆಟ್ಟಿಗೆ ಕಟ್ಟಿ ಹಾಲಿಗೆ ತಂದಿದ್ದರು. ನಾನು ನಿರ್ಧಾರ ಮಾಡಿಯಾಗಿತ್ತು. ಅತ್ತೆಗೆ ಕಾಫಿ ಕೊಟ್ಟು, ನಮಸ್ಕಾರ ಮಾಡಿ, ಎದ್ದ ಕೂಡಲೇ ಹೇಳಿಬಿಡುವುದು. ಏನು ಹೇಳಬೇಕು ಎಂದು ಸ್ನಾನದ ಮನೆಯಲ್ಲಿ ಒಪ್ಪಿಸಿಕೊಂಡೂ ಇದ್ದೆ. ನಮಸ್ಕಾರ ಮಾಡಿ ಎದ್ದೆ. “ಅತ್ತೆ, ಒಂದು ಮಾತು,” ಎಂದೆ. ಇವರು ಪೆಟ್ಟಿಗೆಯ ಪಕ್ಕದಲ್ಲಿ ಬಿಳುಚಿಕೊಂಡು ನಿಂತಿದ್ದರು.

“ಇರು, ಮೊದಲು ಇದನ್ನ ಹಿಡಿ,” ಎಂದು ಅತ್ತೆ ತಮ್ಮ ಪೂಜೆಯ ಚೀಲದಿಂದ ಒಂದು ಗಂಟು ತೆಗೆದರು. ಹಳೆಯ ಪಂಚೆಯ ತುಂಡು, ಮೇಲೆ ಬಿಗಿಯಾಗಿ ಗಂಟು ಹಾಕಿತ್ತು. ಕೈಯಲ್ಲಿಟ್ಟರೆ ಝಲ್ಲೆಂದಿತು. ಬಿಚ್ಚಿದೆ. ಒಳಗೆ ಬಾಟಲಿ ಮುಚ್ಚಳಗಳು. ಕೆಂಪು, ಬಿಳಿ, ನೀಲಿ, ಬಂಗಾರದ ಬಣ್ಣದವು. ಎಲ್ಲವೂ ದೇವರ ಮುಂದಿನ ದೀಪದ ಕಂಬದ ಹಾಗೆ ಹೊಳೆಯುತ್ತಿದ್ದವು.

“ನಿನಗೆ ಅಂತ ಆರಿಸಿದ್ದು ಕಣೇ. ರಸ್ತೇಲಿ ಎಷ್ಟು ಬಿದ್ದಿರ್ತಾವೆ, ಈ ಜನಕ್ಕೆ ಬೆಲೇನೇ ಗೊತ್ತಿಲ್ಲ. ದಿನಾ ದೇವರ ಪಾತ್ರೆ ಜೊತೇಲೇ ಹುಣಸೆಹಣ್ಣು ಹಚ್ಚಿ ಉಜ್ಜಿದೀನಿ, ಮಡೀಲೇ ತೊಳೆದಿರೋದು, ಯೋಚನೆ ಮಾಡಬೇಡ. ಅವತ್ತು ಅಷ್ಟು ಜನದ ಮುಂದೆ ನಿನ್ನ ನೋಡಿ ನಕ್ಕರಲ್ಲ, ನನಗೆ ಹೊಟ್ಟೆ ಉರಿದುಹೋಯ್ತು. ಇವನೂ ನಗ್ತಾನೆ, ಬುದ್ಧಿಯಿಲ್ಲದೋನು. ಒಂದು ಮುಚ್ಚಳ ಬಿಸಾಡದೆ ಸಂಸಾರ ಮಾಡೋ ಸೊಸೆ ಎಷ್ಟು ಜನಕ್ಕೆ ಸಿಗ್ತಾಳೆ? ಊರಿಗೆ ಹೋಗಿ ನಿಮ್ಮಪ್ಪನ ಮನೆಗೇ ಹೋಗಿ ಹೇಳಿ ಬರ್ತೀನಿ.” ಆಮೇಲೆ, “ಏನೋ ಮಾತು ಅಂದೆಯಲ್ಲ, ಏನದು?” ಎಂದು ಕೇಳಿದರು.

ಹೇಗೆ ಹೇಳಲಿ? ಅತ್ತೆ, ಇವು ಸೇಬಿನ ರಸದ ಮುಚ್ಚಳವಲ್ಲ, ಯಾರೋ ಕುಡಿದು ಎಸೆದ ಬಿಯರಿನ ಎಂಜಲು, ಇದನ್ನು ನೀವು ದಿನಾ ದೇವರ ಪಾತ್ರೆಯ ಜೊತೆ ತೊಳೆದಿದ್ದೀರಿ ಎನ್ನಲೇ? ಬಗ್ಗಲಾರದ ಬೆನ್ನು ಬಗ್ಗಿಸಿ ನನಗಾಗಿ ಆರಿಸಿದ ಹೆಂಗಸಿಗೆ? ನಾನು ಪಂಚೆಯ ತುಂಡನ್ನು ಮತ್ತೆ ಗಂಟು ಹಾಕಿದೆ.

“ಏನಿಲ್ಲ ಅತ್ತೆ. ಚಳಿಗಾಲಕ್ಕೆ ಮುಂಚೆ ಮತ್ತೆ ಬನ್ನಿ ಅಂತ ಹೇಳೋಣಾಂತಿದ್ದೆ,” ಎಂದೆ. ಇವರು ತಲೆ ಬಗ್ಗಿಸಿ, ಆಗಲೇ ಬಿಗಿದಿದ್ದ ಪೆಟ್ಟಿಗೆಯ ಹಗ್ಗವನ್ನು ಮತ್ತೆ ಬಿಗಿಯುತ್ತಿದ್ದರು. ಆಗಲೂ ಬಾಯಿ ಬಿಡಲಿಲ್ಲ. ಅದುವರೆಗೆ ನನ್ನನ್ನು ಜಿಪುಣಿ ಮಾಡಿದ್ದರು, ಅವತ್ತು ಸುಳ್ಳಿಯನ್ನೂ ಮಾಡಿದರು.

ಕೆನಡಿ ಏರ್‌ಪೋರ್ಟಿನಲ್ಲಿ ಅತ್ತೆಯನ್ನು ಬೀಳ್ಕೊಟ್ಟು ವಾಪಸ್ಸು ಹೊರಟೆವು. ಗಂಟು ನನ್ನ ಮಡಿಲಲ್ಲೇ ಇತ್ತು. ವೆರಜಾನೋ ಸೇತುವೆ ಹತ್ತುವಾಗ ಇವರು ಮೆಲ್ಲಗೆ, “ಹೇಳಿಬಿಡ್ತೀಯೇನೋ ಅಂತಿದ್ದೆ. ದೊಡ್ಡ ಮನಸ್ಸು ಮಾಡಿದೆ, ಥ್ಯಾಂಕ್ಸ್,” ಎಂದರು.

“ನಿಮಗೋಸ್ಕರ ಅಲ್ಲ,” ಎಂದೆ.

ನ್ಯೂಜೆರ್ಸಿಗೆ ಬಂದ ಮೇಲೆ ಈ ಮನುಷ್ಯನಿಗೆ ಧೈರ್ಯ ಬಂತು. ಗಂಟಿನ ಕಡೆ ಒಂದು ಕಣ್ಣು ಹಾಯಿಸಿ, “ಇನ್ನೇನು ಬೇಸ್‌ಮೆಂಟ್ ಖಾಲಿಯಾಯ್ತಲ್ಲ, ದೇಸಾಯಿ ಮುಂದಿನ ವಾರ ಒಂದು ಬ್ಯಾಚ್ ಹಾಕೋಣ ಅಂತಿದ್ದ. ಅಮ್ಮ ಕೊಟ್ಟಿದ್ದರಲ್ಲಿ ಒಂದಷ್ಟು ಕೆಲಸಕ್ಕೆ ಬರಬಹುದಾ?” ಎಂದರು.

ನಾನು ಗಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

“ಇವು ನನ್ನವು. ನನಗೆ ಅಂತ ಅತ್ತೆ ಆರಿಸಿದ್ದು. ಒಂದನ್ನ ಮುಟ್ಟಿದ್ರೂ ನೋಡಿ. ನಿಮಗೆ ಮುಚ್ಚಳ ಬೇಕಾದ್ರೆ ಅಂಗಡಿಗೆ ಹೋಗಿ ಕೇಳಿ, ನಿಮ್ಮ ಸ್ವಂತ ಬಾಯಲ್ಲಿ.”